ಅಡಿಕೆ ದರದ ಲೆಕ್ಕಕ್ಕೆ ಹಳೆಯ ಲ್ಯಾಪ್‌ಟಾಪ್ ಸಾಕಾಯಿತು

ಶಿರಸಿ ಮಾರುಕಟ್ಟೆಯ ಅಡಿಕೆ ದರಗಳ ಏರಿಳಿತ ನನ್ನ ಎಂ.ಎ. ಪ್ರಬಂಧದ ವಿಷಯ. ಕೈಯಲ್ಲಿದ್ದದ್ದು ಅಣ್ಣ ಬಳಸಿ ಬಿಟ್ಟ, 4 ಜಿಬಿ ರ‍್ಯಾಮ್‌ನ ಲ್ಯಾಪ್‌ಟಾಪ್. ಅಂಕಿಅಂಶ ವಿಶ್ಲೇಷಣೆಯ ತಂತ್ರಾಂಶ ಎಸ್‌ಪಿಎಸ್‌ಎಸ್‌ನ ಪರವಾನಗಿಗೆ ದುಡ್ಡಿಲ್ಲ, ಕದ್ದ ಪ್ರತಿ ಬೇಡ. ಅದನ್ನೇ ಹೋಲುವ ಉಚಿತ ಪಿಎಸ್‌ಪಿಪಿ ಹಗುರವೇನೋ ಹೌದು, ಆದರೆ ನನಗೆ ಬೇಕಾದ ಅರಿಮಾ (ಹಿಂದಿನ ದರಗಳಿಂದ ಮುಂದಿನದನ್ನು ಅಂದಾಜಿಸುವ) ಮಾದರಿ ಅದರಲ್ಲಿಲ್ಲ. ಅಂಕಿಅಂಶ ಲೆಕ್ಕದ ಉಚಿತ ಭಾಷೆ ಆರ್ ಚೆನ್ನಾಗಿಯೇ ಓಡಿತು. ಉಸಿರುಗಟ್ಟಿಸಿದ್ದು ಆರ್‌ನಲ್ಲಿ ಬರೆದು ಓಡಿಸಲು ಬಳಸುವ ಅದರ ಜೊತೆಗಾರ ತಂತ್ರಾಂಶ ಆರ್‌ಸ್ಟುಡಿಯೊ, ಅದೂ ಬ್ರೌಸರ್ ತೆರೆದಿದ್ದಾಗ. (ನಿಮ್ಮದು 32 ಬಿಟ್ ವಿಂಡೋಸ್ ಆದರೆ ಆರ್ 4.1.3ಕ್ಕೇ ನಿಲ್ಲಬೇಕು, 2022ರ 4.2.0ರಿಂದ ಅದಕ್ಕೆ ಬೆಂಬಲವಿಲ್ಲ.)

ಕೊನೆಗೆ ಒಗ್ಗಿದ್ದು ಗ್ರೆಟ್ಲ್. ಅರ್ಥಮಿತಿಗೆಂದೇ, ಅಂದರೆ ಆರ್ಥಿಕ ದತ್ತಾಂಶದ ಅಂಕಿಅಂಶ ವಿಶ್ಲೇಷಣೆಗೆಂದೇ, ಸಿ ಭಾಷೆಯಲ್ಲಿ ಬರೆದ ಉಚಿತ ತಂತ್ರಾಂಶ. ಅರಿಮಾ, ಏರಿಳಿತದ ತೀವ್ರತೆ ಅಳೆಯುವ ಗಾರ್ಚ್ ಮಾದರಿ ಎರಡೂ ಮೆನುವಿನಲ್ಲೇ ಸಿಗುತ್ತವೆ. ಅಡಿಕೆಯ ಬಗೆಗಳಾದ ರಾಶಿ, ಚಾಲಿ, ಬೆಟ್ಟೆಗೆ ಒಂದೊಂದು ಕಂಬಸಾಲು ಮಾಡಿ ಸಿಎಸ್‌ವಿ ಕಡತ ತುಂಬಿಸಿದೆ. ಮಾರುಕಟ್ಟೆಗೆ ರಜೆಯಿದ್ದ ದಿನಗಳ ಖಾಲಿ ಜಾಗಗಳು ಕಾಡಿದಾಗ, ದತ್ತಾಂಶ ಕುಗ್ಗಿಸುವ ಆಯ್ಕೆಯಿಂದ ದಿನದ ದರಗಳನ್ನು ತಿಂಗಳ ಸರಾಸರಿಗೆ ಇಳಿಸಿದೆ. ಮೆನುವಿನಲ್ಲಿ ಒತ್ತಿದ್ದೆಲ್ಲ ಆಜ್ಞೆಗಳಾಗಿ ದಾಖಲಾಗುತ್ತದೆ. ಅದನ್ನು ಆಗಾಗ ಉಳಿಸಿಕೊಂಡರೆ, ಮಳೆಗಾಲದಲ್ಲಿ ಕರೆಂಟು ಹೋದರೂ ಕೆಲಸವನ್ನು ಮತ್ತೆ ಓಡಿಸಬಹುದು. ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಗ್ರೆಟ್ಲ್‌ನ ಗ್ರಾಫ್‌ಗಳು ಮಾತ್ರ ತುಸು ಒರಟು. ಅವನ್ನು ಬರಿಯ ಆರ್‌ನಲ್ಲಿ, ಆರ್‌ಸ್ಟುಡಿಯೊ ಇಲ್ಲದೆ, ಬಿಡಿಸಿಕೊಳ್ಳುತ್ತೇನೆ.