ಬಿರುಕು ಬಿಟ್ಟ ಹೆಡ್ಡು: ರಿಪೇರಿಯೋ, ಹೊಸದೋ? ನನ್ನ ಲೆಕ್ಕ

ಎಂಜಿನ್ನಿನ ಬೀಡಿನ (ಎರಕದ ಕಬ್ಬಿಣದ) ಹೆಡ್ಡು, ಅಂದರೆ ಸಿಲಿಂಡರ್ ಮೇಲಿನ ಮುಚ್ಚಳ, ಒಮ್ಮೆ ಸೀಳಿದರೆ ಗುಜರಿಗೇ ಅಂತ ದಾವಣಗೆರೆಯಲ್ಲಿ ಬಹಳ ಮಂದಿ ಮೇಸ್ತ್ರಿಗಳು ಇವತ್ತಿಗೂ ಹೇಳುತ್ತಾರೆ. ಅದರಲ್ಲೂ ವಾಲ್ವ್ ಸೀಟುಗಳ (ವಾಲ್ವ್ ಬಂದು ಕೂರುವ ಉಂಗುರಗಳ) ನಡುವೆ ಬಿಟ್ಟ ಬಿರುಕಿಗೆ ವೆಲ್ಡಿಂಗ್ ನಿಲ್ಲುವುದೇ ಇಲ್ಲ ಅಂತ. ನಿಲ್ಲುತ್ತದೆ. ಈವರೆಗೆ ಟ್ರ್ಯಾಕ್ಟರ್ ಮತ್ತು ಹಳೇ ಲಾರಿಗಳದ್ದು ಸೇರಿ 40ರ ಆಸುಪಾಸು ಹೆಡ್ಡು ಮಾಡಿದ್ದೇನೆ, ವಾಪಸ್ ಬಂದದ್ದು ಐದೋ ಆರೋ. ಅವೂ ಹೆಚ್ಚಿನವು ಶುರುವಿನ ವರ್ಷದವು.

ಮೊದಲು ಟೆಸ್ಟಿಂಗ್ ಮಾತು, ದುಡ್ಡು ಉಳಿಯುವುದೂ ಹೋಗುವುದೂ ಅಲ್ಲೇ. ತಣ್ಣೀರಲ್ಲಿ ಗಾಳಿ ಬಿಟ್ಟು "ಲೀಕ್ ಇಲ್ಲ" ಅನ್ನಬೇಡಿ. ತಣ್ಣಗಿದ್ದಾಗ ಬಿರುಕು ಮುಚ್ಚಿಕೊಂಡಿರುತ್ತದೆ, ಕಾದಾಗ ಬಾಯಿ ಬಿಡುತ್ತದೆ. ಹೆಡ್ಡಿನೊಳಗಿನ ನೀರಿನ ದಾರಿಗಳ ಬಾಯಿಗೆ 12 ಎಂಎಂ ಪ್ಲೇಟು, ಕೆಳಗೆ ದಪ್ಪ ರಬ್ಬರ್ ಹಾಕಿ ಬಿಗಿದು, 80 ಡಿಗ್ರಿ ನೀರಲ್ಲಿ ಅರ್ಧ ಗಂಟೆ ಮುಳುಗಿಸಿ ಆಮೇಲೆ ಆ ದಾರಿಯೊಳಗೆ 4 ಕೆಜಿ ಒತ್ತಡದ ಗಾಳಿ ಕೊಡಿ. ಗುಳ್ಳೆ ಎದ್ದ ಕೂಡಲೇ ಬಿರುಕು ಅಂತ ತೀರ್ಮಾನಿಸಬೇಡಿ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗೆ ತಾಮ್ರದ ಸ್ಲೀವ್ (ಸುತ್ತಿನ ಕೊಳವೆ) ಇದ್ದರೆ ಅದನ್ನೂ, ವಾಟರ್ ಪ್ಲಗ್‌ಗಳನ್ನೂ (ನೀರಿನ ದಾರಿಯ ಬಿರಡೆ) ಬದಲಿಸಿ ಇನ್ನೊಮ್ಮೆ ನೋಡಿ. ಕೆಲವು ಹೆಡ್ಡಿನ ಕಾಯಿಲೆ ಅಲ್ಲಿಗೇ ಮುಗಿಯುತ್ತದೆ, 400-500 ರೂಪಾಯಿಯಲ್ಲಿ.

ಬಿರುಕು ಎಲ್ಲಿಂದ ಎಲ್ಲಿಗೆ ಹೋಗಿದೆ ಅನ್ನಲು ಕೆಂಪು ಡೈ (ಬಿರುಕಿನೊಳಗೆ ಇಳಿಯುವ ಬಣ್ಣ) ಬೇಕು. ಹಚ್ಚಿ 15 ನಿಮಿಷ ಬಿಟ್ಟು, ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು ಒರೆಸಬೇಕು. ನೇರ ಹೆಡ್ಡಿನ ಮೇಲೇ ಹೊಡೆದರೆ ಬಿರುಕಿನೊಳಗಿನ ಬಣ್ಣವೂ ತೊಳೆದುಹೋಗುತ್ತದೆ. ಬಿಳಿ ಡೆವಲಪರ್ ಒಣಗುತ್ತಿದ್ದಂತೆ ಕೂದಲೆಳೆಯಷ್ಟು ಕೆಂಪು ಗೆರೆ ಮೇಲೆದ್ದು, ನಿಧಾನಕ್ಕೆ ಎರಡೂ ಬದಿಗೆ ಹರಡುತ್ತದೆ. ಗೆರೆ ಬೇಗ ಅಗಲವಾದ ಕಡೆ ಬಿರುಕು ಆಳ.

ನಾನು ತೀರ್ಮಾನ ಮಾಡುವುದು ಹೀಗೆ. ಎರಡು ಸೀಟಿನ ನಡುವೆ ಸಣ್ಣ ಗೆರೆ ಇದ್ದು, ಬಿಸಿ ಟೆಸ್ಟಲ್ಲಿ ಗುಳ್ಳೆ ಬಾರದಿದ್ದರೆ, ಸೀಟೂ ಬಿಗಿಯಾಗಿದ್ದರೆ ಮುಟ್ಟುವುದಿಲ್ಲ. ನೀರಿನ ದಾರಿಗೆ ಸೇರಿದ ಒಂದೇ ಬಿರುಕಾದರೆ ರಿಪೇರಿ. ಎರಡು ಸಿಲಿಂಡರಿನಲ್ಲಿ ಬಿರುಕಿದ್ದರೆ, ಅಥವಾ ಇಂಜೆಕ್ಟರ್ ತೂತಿನ ಒಳಗೋಡೆಯಲ್ಲಿ ಇಳಿದಿದ್ದರೆ ಹೊಸದು. ಹಿಂದೆ ಯಾರೋ ಮಾಮೂಲಿ ಕಬ್ಬಿಣದ ರಾಡಲ್ಲಿ ವೆಲ್ಡ್ ಮಾಡಿದ ಹೆಡ್ಡಂತೂ ಮುಟ್ಟಲೇಬೇಡಿ. ಆ ಜಾಗ ಗಾಜಿನಷ್ಟು ಗಡುಸಾಗಿರುತ್ತದೆ, ಸೀಟ್ ಕಟರ್ ಬಾಯಿ ಒಡೆಯುತ್ತದೆ.

ಮೂರು ಸಿಲಿಂಡರ್ ಟ್ರ್ಯಾಕ್ಟರಿನ ಹೊಸ ಖಾಲಿ ಹೆಡ್ಡಿಗೆ ನಾನು ಕೊನೆಗೆ ಕೇಳಿದಾಗ 16ರಿಂದ 20 ಸಾವಿರದ ನಡುವೆ ಇತ್ತು. ನನ್ನ ರಿಪೇರಿ ವೆಲ್ಡಿಂಗ್, ಎರಡು ಸೀಟು, ಗೈಡು (ವಾಲ್ವ್ ಆಡುವ ಕೊಳವೆ), ಫೇಸಿಂಗ್ (ಹೆಡ್ಡಿನ ತಳ ಕೆತ್ತಿ ಸಮ ಮಾಡುವುದು) ಎಲ್ಲಾ ಸೇರಿ ಆರೂವರೆಯಿಂದ ಏಳು ಸಾವಿರ. ಹೊಸದರ ಅರ್ಧ ದಾಟುತ್ತದೆ ಅನ್ನಿಸಿದರೆ ನಾನೇ ಬೇಡ ಅನ್ನುತ್ತೇನೆ. ದಿನದ ಲೆಕ್ಕವೂ ಇದೆ: ನನಗೆ ಮೂರು ದಿನ ಬೇಕು. ಭದ್ರಾ ಕಾಲುವೆಗೆ ನೀರು ಬಿಟ್ಟು ನಾಟಿ ಜೋರಾಗಿರುವಾಗ ಗಾಡಿ ಮೂರು ದಿನ ನಿಂತರೆ ಬಾಡಿಗೆಯಲ್ಲೇ ಹೆಡ್ಡಿನ ದುಡ್ಡು ಹೋಗುತ್ತದೆ. ಆಗ ಹೊಸದೇ ಲಾಭ.

ಕೆಲಸಕ್ಕೆ ಬಂದರೆ, ಸೀಟು ಕಿತ್ತು ಬಿರುಕಿನ ಎರಡೂ ತುದಿಗೆ 3 ಎಂಎಂ ತೂತು ಹೊಡೆಯಿರಿ. ಡೈನಲ್ಲಿ ಕಂಡ ತುದಿಗಿಂತ ಸ್ವಲ್ಪ ಮುಂದೆಯೇ ಹೊಡೆಯಬೇಕು, ನಿಜವಾದ ತುದಿ ಕಣ್ಣಿಗೆ ಕಾಣುವುದಿಲ್ಲ. ಬಿರುಕಿನುದ್ದಕ್ಕೂ ವಿ ಆಕಾರದ ತೋಡು ತೆಗೆದು, ಮೊದಲು ಎಣ್ಣೆ ಸುಟ್ಟು ಹೋಗುವಂತೆ ಕಾಯಿಸಿ. ಎಣ್ಣೆ ಉಳಿದರೆ ವೆಲ್ಡಿನಲ್ಲಿ ಸೂಜಿ ಚುಚ್ಚಿದಂತೆ ತೂತು ಬೀಳುತ್ತವೆ. ಬರೀ ಬಿರುಕಿನ ಜಾಗಕ್ಕೆ ಬೆಂಕಿ ಹಿಡಿದರೆ ಕೆಲಸ ಕೆಟ್ಟಿತು, ಇಡೀ ಹೆಡ್ಡು 300 ಡಿಗ್ರಿಗೆ ಬರಬೇಕು. ಬಿಸಿ ಅಳೆಯುವ ಟೆಂಪರೇಚರ್ ಚಾಕ್ ಇಟ್ಟುಕೊಳ್ಳಿ. ಸೀಟಿನ ಹತ್ತಿರ ಶುದ್ಧ ನಿಕ್ಕಲ್ ರಾಡ್, ಆಮೇಲೆ ಕಟರ್ ಓಡುತ್ತದೆ. ದಪ್ಪ ಗೋಡೆಗೆ ನಿಕ್ಕಲ್-ಕಬ್ಬಿಣದ ರಾಡ್. ಒಂದು ಇಂಚು ಹಾಕಿ, ಬಿಸಿ ಇರುವಾಗಲೇ ದುಂಡು ಸುತ್ತಿಗೆಯಲ್ಲಿ ಸಣ್ಣಗೆ ಬಡಿದು, ಆಮೇಲೆ ಮುಂದಿನ ಇಂಚು. ಯಾವ ತುದಿಯಿಂದ ಶುರು ಮಾಡಿ ಎಲ್ಲಿಗೆ ಜಿಗಿಯುತ್ತೇನೆ ಅನ್ನೋದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅನ್ನ.

ಎಲ್ಲರೂ ಸೋಲುವುದು ತಣಿಸುವಾಗ. ಶುರುವಿನಲ್ಲಿ ಸುಣ್ಣದ ಪುಡಿಯಲ್ಲಿ ಹೂಳುತ್ತಿದ್ದೆ. ಸುಣ್ಣ ತೇವ ಎಳೆದುಕೊಂಡಿದ್ದರೆ ಒಂದು ತಾಸಿನೊಳಗೆ "ಟಣ್" ಅಂತ ಸದ್ದು, ವೆಲ್ಡಿನ ಪಕ್ಕದಲ್ಲೇ ಹೊಸ ಬಿರುಕು. ಹಾಗೆ ಮೂರು ಹೆಡ್ಡು ಹೋದವು, ಕೈಯಿಂದ ಕಟ್ಟಿಕೊಟ್ಟದ್ದು 20 ಸಾವಿರಕ್ಕೆ ಕಮ್ಮಿಯಿಲ್ಲ. ಪರಿಹಾರ ನಮ್ಮ ಊರಲ್ಲೇ ಇತ್ತು: ರೈಸ್ ಮಿಲ್ಲಿನ ಭತ್ತದ ಹೊಟ್ಟಿನ ಬೂದಿ. ಹಗುರ, ಶಾಖ ಬಿಡುವುದಿಲ್ಲ, ಪುಕ್ಕಟೆ ಸಿಗುತ್ತದೆ. ಅದನ್ನೂ ಮೊದಲೇ ಹುರಿದು ತೇವ ತೆಗೆದು, ಕೆಳಗೆ ಮೇಲೆ ಒಂದೊಂದು ಗೇಣು ದಪ್ಪ ಬರುವಂತೆ ಡ್ರಮ್ಮಿಗೆ ಹಾಕುತ್ತೇನೆ. ಸಂಜೆ ಹೂತದ್ದು ಮರುದಿನ ಮಧ್ಯಾಹ್ನ ಮುಟ್ಟಿದರೂ ಕೈಗೆ ಬೆಚ್ಚಗಿರುತ್ತದೆ. ಪೂರಾ ತಣಿಯದೆ ತೆಗೆಯಬೇಡಿ.

ಹೊರಗಿನ ನೀರಿನ ಗೋಡೆ ಬಿರುಕಿಗೆ ಇಷ್ಟು ಕಷ್ಟ ಬೇಡ. ಬಿರುಕಿನುದ್ದಕ್ಕೂ ಒಂದರ ಮೈಮೇಲೆ ಒಂದು ಬರುವಂತೆ ಬೀಡಿನ ಪಿನ್ ತಿರುಪಿ ಹೊಲಿದರೆ ಸಾಕು. ಎಪಾಕ್ಸಿ ಪೇಸ್ಟನ್ನೂ ಪರೀಕ್ಷೆಗೆ ಹಾಕಿ ನೋಡಿದೆ. ಹೊರಗೋಡೆಯಲ್ಲಿ ಎರಡು ತಿಂಗಳು ನಿಂತಿತು, ಎಕ್ಸಾಸ್ಟ್ (ಹೊಗೆ ಹೋಗುವ) ಬದಿಯಲ್ಲಿ ವಾರವೂ ಇಲ್ಲ.

ಫೇಸಿಂಗ್‌ನಲ್ಲಿ ಆಸೆಬುರುಕತನ ಬೇಡ. 0.3 ಎಂಎಂ ದಾಟಿ ತೆಗೆದ ಒಂದು ಹೆಡ್ಡಲ್ಲಿ ವಾಲ್ವ್ ಪಿಸ್ಟನ್ನಿಗೆ ತಾಗಿತು. ಫೇಸಿಂಗ್ ಆದ ಮೇಲೆ ವಾಲ್ವ್ ಎಷ್ಟು ಒಳಗಿದೆ, ಇಂಜೆಕ್ಟರ್ ಮೂತಿ ಎಷ್ಟು ಹೊರಗಿದೆ ಅಂತ ಅಳೆದು, ಬಿಸಿ ಟೆಸ್ಟ್ ಇನ್ನೊಮ್ಮೆ ಮಾಡಿ.

ಹೆಡ್ಡು ಸೀಳಿದ ಕಾರಣ ಹುಡುಕದೆ ಜೋಡಿಸಿದರೆ ಹೊಸ ಹೆಡ್ಡೂ ಉಳಿಯುವುದಿಲ್ಲ. ಚಳ್ಳಕೆರೆ, ಹಿರಿಯೂರು ಕಡೆಯಿಂದ ಬರುವ ಗಾಡಿಗಳಲ್ಲಿ ಬೋರಿನ ಗಡುಸು ನೀರಿನಿಂದ ಎಕ್ಸಾಸ್ಟ್ ಸೀಟಿನ ಹಿಂದೆ ಬಿಳಿ ಕಲ್ಲು ಕಟ್ಟಿರುತ್ತದೆ, ಉಗುರಿನಷ್ಟು ದಪ್ಪ. ನೀರು ಅಲ್ಲಿಗೆ ತಾಗುವುದೇ ಇಲ್ಲ. ಕಾಲುವೆ ಸೀಮೆಯ ಗಾಡಿಗಳಲ್ಲಿ ಕಲ್ಲು ಕಡಿಮೆ, ಅಲ್ಲಿ ರೇಡಿಯೇಟರ್ ಜಾಲರಿಗೆ ಹೊಟ್ಟು ಮೆತ್ತಿರುತ್ತದೆ. ಎಂಜಿನ್ ನೀರಿನ ಬಿಸಿ ಹದದಲ್ಲಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಡಿದ್ದರೆ ಹೊಸದು ಹಾಕಿಸಿ.

ಜೋಡಿಸಿದ ಮೇಲೆ ಕೂಲಂಟ್ ತುಂಬಿ, ರೇಡಿಯೇಟರ್ ಮುಚ್ಚಳ ತೆಗೆದೇ ಎಂಜಿನ್ ಚಾಲೂ ಮಾಡಿ ಬಾಯಿ ನೋಡಿ. ಶುರುವಿನ ಗಾಳಿ ಹೋದಮೇಲೂ ಗುಳ್ಳೆ ಸಾಲಾಗಿ ಬರುತ್ತಿದ್ದರೆ ಗಾಡಿ ಹೊರಗೆ ಬಿಡಬೇಡಿ, ಅವತ್ತೇ ಬಿಚ್ಚಿ.