ಅಳೆದೂ ತೂಗಿ ಸಾಕು, ಗರಗಸ ಹಿಡಿಯಿರಿ

ಮರಗೆಲಸ ಕಲಿಯೋಣ ಅಂತ ಹೊರಟ ಎಷ್ಟೋ ಜನ ಹಲಗೆ ತಂದು ಗೋಡೆಗೆ ಒರಗಿಸಿಡುತ್ತಾರೆ. ತಿಂಗಳು ಕಳೆದರೂ ಅದು ಅಲ್ಲೇ ಇರುತ್ತದೆ. ಸೋಮಾರಿಗಳು ಅನ್ನೋಣ ಅಂದ್ರೆ ಪಾಪ, ರಾತ್ರಿಯೆಲ್ಲ ಕೂತು ವಿಡಿಯೊ ನೋಡುತ್ತಾರೆ, ಕಂಪ್ಯೂಟರಿನಲ್ಲಿ ಚಿತ್ರ ಬರೆದು ತಿದ್ದುತ್ತಾರೆ, ಯಾವ ಜೋಡಣೆ ಗಟ್ಟಿ, ಯಾವ ಪಾಲಿಶ್ ಚೆನ್ನ, ಯಾವ ಉಳಿ ಒಳ್ಳೇದು ಅಂತ ಮೀನಮೇಷ ಎಣಿಸುತ್ತಲೇ ಇರುತ್ತಾರೆ. ಒಂದು ಪ್ರಶ್ನೆಗೆ ಉತ್ತರ ಸಿಗುವಷ್ಟರಲ್ಲಿ ಇನ್ನೆರಡು ಹುಟ್ಟಿರುತ್ತವೆ.

ಯೋಚನೆ ಮಾಡಬೇಡಿ ಅಂತ ನಾನು ಹೇಳುತ್ತಿಲ್ಲ. ಯಾವುದನ್ನು ಆಮೇಲೆ ತಿದ್ದಲು ಆಗಲ್ಲವೋ ಅದಕ್ಕೆ ಚೆನ್ನಾಗಿ ತಲೆ ಕೆಡಿಸಿಕೊಳ್ಳಿ. ಉಳಿದದ್ದನ್ನು ಕೆಲಸ ನಡೆಯುವಾಗಲೇ ತೀರ್ಮಾನಿಸಿ. ಒಂದು ಪುಟ್ಟ ಪುಸ್ತಕದ ಕಪಾಟನ್ನೇ ಉದಾಹರಣೆಗೆ ಇಟ್ಟುಕೊಳ್ಳೋಣ. 18 ಮಿ.ಮೀ. ಪ್ಲೈವುಡ್ಡು, ಎರಡು ಪಕ್ಕದ ಹಲಗೆ, ಮೇಲೊಂದು ಮುಚ್ಚುಹಲಗೆ, ಒಳಗೆ ಪುಸ್ತಕ ಇಡಲು ಮೂರು ಅಡ್ಡಹಲಗೆ, ಅಂದರೆ ತಟ್ಟು.

ಮೊದಲು ಒಂದೇ ಒಂದು ಹಾಳೆ

ಅಗಲ, ಎತ್ತರ, ಆಳ. ಈ ಮೂರು ಅಳತೆ ಬರೆದು ಕೈಯಲ್ಲೇ ಒಂದು ಒರಟು ಚಿತ್ರ ಗೀಚಿ. ಹಾಳೆ ತುಂಬಿತು ಅಂದ್ರೆ ಯೋಜನೆ ಮುಗಿಯಿತು, ಎರಡನೇ ಹಾಳೆ ತೆಗೆಯಬೇಡಿ. ಅಳತೆಯನ್ನು ತಲೆಯಿಂದ ಹುಟ್ಟಿಸುವುದೂ ಬೇಡ, ಒಳಗೆ ಇಡುವ ವಸ್ತುವೇ ಅದನ್ನು ಹೇಳುತ್ತದೆ. ಸಾಮಾನ್ಯ ಪುಸ್ತಕಕ್ಕೆ 25 ಸೆಂ.ಮೀ. ಆಳ ಧಾರಾಳ. ಎ4 ಕಾಗದದ ಉದ್ದ 29.7 ಸೆಂ.ಮೀ., ಹಾಗಾಗಿ ಫೈಲು ನಿಲ್ಲಿಸುವ ತಟ್ಟಿಗೆ 32 ಸೆಂ.ಮೀ. ಆದರೂ ಎತ್ತರ ಬೇಕು. ಬರೆಯುವ ಮೇಜಾದರೆ ಸುಮಾರು 75 ಸೆಂ.ಮೀ. ಎತ್ತರ, ಕುರ್ಚಿಯಲ್ಲಿ ಕೂರುವ ಹಲಗೆಗೆ ಸುಮಾರು 45. ಇವೆಲ್ಲ ಜನ ಬಳಸಿ ಬಳಸಿ ಒಪ್ಪಿಕೊಂಡ ಅಳತೆಗಳು, ನೀವು ಹೊಸದಾಗಿ ಕಂಡುಹಿಡಿಯಬೇಕಾದ್ದು ಏನೂ ಇಲ್ಲ.

ತೀರಾ ದೊಡ್ಡದಾಗುತ್ತಾ ಅನ್ನೋ ಅನುಮಾನ ಇದ್ದರೆ ಕಪಾಟು ನಿಲ್ಲುವ ಜಾಗದಲ್ಲಿ ಗೋಡೆಗೂ ನೆಲಕ್ಕೂ ಟೇಪು ಅಂಟಿಸಿ ಅದರ ಆಕಾರ ಮಾಡಿ. ಅದರ ಪಕ್ಕ ಓಡಾಡಿ ನೋಡಿ. ಕಾಲಿಗೆ ತಗಲುತ್ತಾ, ಬಾಗಿಲಿಗೆ ಅಡ್ಡ ಬರುತ್ತಾ ಅನ್ನೋದು ಚಿತ್ರದಲ್ಲಿ ಕಾಣಲ್ಲ, ಇಲ್ಲಿ ತಕ್ಷಣ ಗೊತ್ತಾಗುತ್ತದೆ.

ಇಲ್ಲಿ ಮಾತ್ರ ತಲೆ ಓಡಿಸಿ

ಮೊದಲನೆಯದು ತಟ್ಟು ಬಾಗುವುದು. ಪುಸ್ತಕ ಭಾರದ ವಸ್ತು. ಸಾಲಾಗಿ ತುಂಬಿದ ತಟ್ಟಿನ ಉದ್ದವನ್ನು ಇಮ್ಮಡಿ ಮಾಡಿದರೆ ಅದು ಬಾಗುವುದು ಇಮ್ಮಡಿ ಅಲ್ಲ, ಸುಮಾರು 16 ಪಟ್ಟು. ಹಲಗೆಯ ದಪ್ಪ ಇಮ್ಮಡಿ ಮಾಡಿದರೆ ಬಾಗು ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ 18 ಮಿ.ಮೀ. ಪ್ಲೈವುಡ್ಡಿನಲ್ಲಿ 75–80 ಸೆಂ.ಮೀ. ದಾಟುವ ಆಸೆ ಬೇಡ. ದಾಟಲೇಬೇಕು ಅಂದರೆ ನಡುವೆ ಒಂದು ನಿಲುವು ಕೊಡಿ, ಇಲ್ಲವೇ ತಟ್ಟಿನ ಮುಂದಿನ ಅಂಚಿನ ಕೆಳಗೆ ಒಂದು ಪಟ್ಟಿ ನಿಲ್ಲಿಸಿ ಅಂಟಿಸಿ.

ಎರಡನೆಯದು ಅಲುಗಾಟ. ಹಿಂಬದಿ ತೆರೆದೇ ಇದ್ದರೆ ಎಂಥ ಜೋಡಣೆ ಹಾಕಿದರೂ ಕಪಾಟು ಎಡಕ್ಕೆ ಬಲಕ್ಕೆ ವಾಲಾಡುತ್ತದೆ. 6 ಮಿ.ಮೀ. ಪ್ಲೈವುಡ್ಡನ್ನು ಹಿಂದೆ ಹೊಡೆದರೆ ಅಲ್ಲಿಗೆ ಮುಗೀತು. ಜೋಡಣೆ ಬಗ್ಗೆ ವಾರಗಟ್ಟಲೆ ಓದುವವರು ಈ ಹಿಂಬದಿ ಹಲಗೆಯನ್ನು ಮರೆತಿರುತ್ತಾರೆ ಅನ್ನೋದೇ ತಮಾಷೆ.

ಮೂರನೆಯದು ಪ್ಲೈವುಡ್ ಬಿಟ್ಟು ಅಸಲಿ ಮರ ಬಳಸುವವರಿಗೆ ಮಾತ್ರ. ಗಾಳಿಯ ತೇವಕ್ಕೆ ಮರ ಅಗಲದಲ್ಲಿ ಹಿಗ್ಗುತ್ತದೆ, ಕುಗ್ಗುತ್ತದೆ. ಎಳೆ ಹೋಗುವ ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ. ಅಗಲವಾದ ಮೇಜಿನ ಹಲಗೆಯನ್ನು ಅಡ್ಡಪಟ್ಟಿಗೆ ಅಂಟು ಹಾಕಿ ಬಿಗಿದುಬಿಟ್ಟರೆ ಒಂದು ದಿನ ಸೀಳುತ್ತದೆ. ಸ್ಕ್ರೂ ಹೋಗುವ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದ ಮಾಡಿ ಬಿಟ್ಟರೆ ಮರ ತನ್ನ ಪಾಡಿಗೆ ಆಡಿಕೊಂಡಿರುತ್ತದೆ.

ಎಲ್ಲವನ್ನೂ ಒಟ್ಟಿಗೆ ಕತ್ತರಿಸಬೇಡಿ

ನನ್ನ ಪ್ರಕಾರ ಅತಿಯಾಗಿ ಯೋಜನೆ ಹಾಕುವವರು ಸಿಕ್ಕಿಹಾಕಿಕೊಳ್ಳುವುದೇ ಇಲ್ಲಿ. ಪ್ರತಿ ತುಂಡಿನ ಅಳತೆಯನ್ನೂ ಮೊದಲೇ ಪಟ್ಟಿ ಮಾಡಿ, ಮಿಲಿಮೀಟರಿನ ಅರ್ಧದವರೆಗೂ ಲೆಕ್ಕ ಹಾಕಿರುತ್ತಾರೆ. ಕಾಗದದ ಲೆಕ್ಕ ಮರಕ್ಕೆ ಗೊತ್ತಿರಲ್ಲ ಅಲ್ವಾ? ಒಟ್ಟು ಅಗಲ 80 ಸೆಂ.ಮೀ. ಬೇಕು, ಪಕ್ಕದ ಹಲಗೆ ಎರಡೂ ಸೇರಿ 3.6, ಹಾಗಾದರೆ ತಟ್ಟು 76.4 ಅಂತ ಬರೆದುಕೊಂಡಿರುತ್ತೀರಿ. ತಂದ ಪ್ಲೈವುಡ್ಡು 18ರ ಬದಲು 17.5 ಮಿ.ಮೀ. ಇರುತ್ತದೆ. ಜೋಡಿಸಿದಾಗ ಒಟ್ಟು ಅಗಲ 79.9 ಆಗುತ್ತದೆ, ಮೊದಲೇ 80ಕ್ಕೆ ಕತ್ತರಿಸಿಟ್ಟ ಮುಚ್ಚುಹಲಗೆ 1 ಮಿ.ಮೀ. ಆಚೆ ಚಾಚಿಕೊಂಡು ಬೆರಳಿಗೆ ತಾಗುತ್ತಿರುತ್ತದೆ.

ಹೀಗೆ ಮಾಡಿ. ಪಕ್ಕದ ಎರಡು ಹಲಗೆ ಮೊದಲು ಕತ್ತರಿಸಿ. ಆಮೇಲೆ ಮೂರೂ ತಟ್ಟು. ಇವನ್ನು ಒಂದೊಂದಾಗಿ ಟೇಪು ಹಿಡಿದು ಅಳೆಯಬೇಡಿ, ಮೊದಲ ತಟ್ಟಿಗೆ ತಕ್ಕ ಹಾಗೆ ಗರಗಸದ ಪಕ್ಕ ಒಂದು ಮರದ ತುಂಡನ್ನು ಕ್ಲ್ಯಾಂಪ್ ಹಾಕಿ ಬಿಗಿದು, ಪ್ರತಿ ಹಲಗೆಯ ತುದಿಯನ್ನೂ ಅದಕ್ಕೇ ತಾಗಿಸಿ ಕತ್ತರಿಸಿ. 76.4 ಹೋಗಿ 76.3 ಆದರೆ ಆಗಲಿ ಬಿಡಿ, ಮೂರೂ ಒಂದೇ ಇದ್ದರೆ ಕಪಾಟು ನೆಟ್ಟಗೆ ನಿಲ್ಲುತ್ತದೆ, ಒಂದು ಸರಿಯಾಗಿದ್ದು ಇನ್ನೆರಡು ಹೆಚ್ಚುಕಮ್ಮಿಯಾದರೆ ಮಾತ್ರ ಫಜೀತಿ. ಅದನ್ನೆಲ್ಲ ನಿಲ್ಲಿಸಿದ ಮೇಲೆ ಮುಚ್ಚುಹಲಗೆಯನ್ನು ಮೇಲೆ ಇಟ್ಟು, ಕಪಾಟಿನ ಅಂಚಿಗೇ ಪೆನ್ಸಿಲ್ ಒತ್ತಿ ಗೆರೆ ಎಳೆದು ಕತ್ತರಿಸಿ. ಹಿಂಬದಿ ಹಲಗೆಗೂ ಅಷ್ಟೇ. ಟೇಪಿನ ಅಗತ್ಯವೇ ಬೀಳಲ್ಲ.

ಇನ್ನೊಂದು ಮಾತು. ಗರಗಸ ತಾನೂ 2–3 ಮಿ.ಮೀ. ತಿನ್ನುತ್ತದೆ. ಒಂದೇ ಹಲಗೆಯ ಮೇಲೆ ನಾಲ್ಕು ಗೆರೆ ಒಟ್ಟಿಗೆ ಎಳೆದು ಕತ್ತರಿಸುತ್ತಾ ಹೋದರೆ ಕೊನೆಯ ಹೊತ್ತಿಗೆ ಹತ್ತಿರ ಹತ್ತಿರ 1 ಸೆಂ.ಮೀ. ಮಾಯ. ಒಂದು ಗೆರೆ, ಒಂದು ಕತ್ತರಿಕೆ, ಆಮೇಲೆ ಮುಂದಿನ ಗೆರೆ.

ಜೋಡಣೆ, ಅಂಟು

ಮೊದಲ ಕಪಾಟಿಗೆ ಅಂಟು ಮತ್ತು ಸ್ಕ್ರೂ ಸಾಕು. ಹಲಗೆಯ ತುದಿ ಬಿರಿಯದ ಹಾಗೆ ಸ್ಕ್ರೂಗಿಂತ ಸಣ್ಣ ತೂತು ಮೊದಲೇ ಕೊರೆದುಕೊಳ್ಳಿ. ನಾಜೂಕಾದ ಜೋಡಣೆ ಕಲಿಯುವ ಆಸೆ ಇದ್ದರೆ ಉಳಿದ ತುಂಡುಗಳ ಮೇಲೆ ಬೇರೆಯಾಗಿ ಕಲಿಯಿರಿ, ಅದನ್ನು ಕಪಾಟಿನ ತಲೆಗೆ ಕಟ್ಟಬೇಡಿ.

ಅಂಟು ಹಚ್ಚುವ ಮುಂಚೆ ಮಾತ್ರ ನಿಧಾನ. ಬಿಳಿ ಅಂಟು ಕೆಲವೇ ನಿಮಿಷದಲ್ಲಿ ಹಿಡಿಯಲು ಶುರುವಾಗುತ್ತದೆ, ಆಗ ಯೋಚಿಸುತ್ತಾ ನಿಂತರೆ ಕೆಟ್ಟಿರಿ. ಅಂಟಿಲ್ಲದೆ ಸುಮ್ನೆ ಒಮ್ಮೆ ಪೂರ್ತಿ ಜೋಡಿಸಿ, ಕ್ಲ್ಯಾಂಪ್ ಎಲ್ಲಿ ಬರುತ್ತದೆ, ಯಾವುದು ಮೊದಲು ಅಂತ ನೋಡಿಕೊಳ್ಳಿ. ಅಂಟು ಹಾಕಿ ಬಿಗಿದ ಕೂಡಲೇ ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳೆಯಿರಿ. ಎರಡೂ ಒಂದೇ ಬಂದರೆ ಚೌಕ ಸರಿ ಇದೆ. ಒಂದು ಜಾಸ್ತಿ ಬಂದರೆ ಆ ಉದ್ದದ ಓರೆಯ ಮೂಲೆಗಳನ್ನು ಮೆಲ್ಲಗೆ ಒಳಕ್ಕೆ ಒತ್ತಿ. ಒಂದು ಗಂಟೆ ಬಿಟ್ಟು ಕ್ಲ್ಯಾಂಪ್ ಬಿಚ್ಚಬಹುದು, ಆದರೆ ಒಂದು ದಿನ ಭಾರ ಹೇರಬೇಡಿ.

ಬಣ್ಣ, ಪಾಲಿಶ್ ಬಗ್ಗೆ ಇಷ್ಟು ಹೊತ್ತು ಒಂದು ಮಾತೂ ಆಡಿಲ್ಲ ನೋಡಿ. ಉಳಿದ ತುಂಡಿಗೆ ಉಪ್ಪುಕಾಗದ ಉಜ್ಜಿ, ಎರಡು ಮೂರು ಬಗೆ ಹಚ್ಚಿ, ಒಣಗಿದ ಮೇಲೆ ಯಾವುದು ಕಣ್ಣಿಗೆ ಹಿಡಿಸುತ್ತೋ ಅದು.

ಡ್ರಾಯರ್ ಬೇಕು ಅನ್ನುವವರು ಮಾತ್ರ ಸ್ವಲ್ಪ ತಾಳಿ. ಡ್ರಾಯರ್ ಜಾರಿ ಬರುವ ಲೋಹದ ಹಳಿಗೆ ಚಾನೆಲ್ ಅನ್ನುತ್ತಾರೆ. ಡ್ರಾಯರ್ ಚಾನೆಲ್‌ಗೆ ಎಷ್ಟೋ ಸಲ ಒಂದೊಂದು ಪಕ್ಕಕ್ಕೂ 12–13 ಮಿ.ಮೀ. ಜಾಗ ಬೇಕು, ಆದರೆ ಎಲ್ಲವೂ ಹಾಗೇ ಇರಲ್ಲ. ಚಾನೆಲ್ ತಂದು, ಕೈಯಲ್ಲಿ ಹಿಡಿದು ಅಳೆದ ಮೇಲೆಯೇ ಡ್ರಾಯರಿನ ಹಲಗೆಗೆ ಗರಗಸ ಹಾಕಿ.