ಏರ್‌ಗನ್‌ಗೆ ಸ್ಕೋಪ್: ಮೊದಲು ಅಲೆನ್ ಕೀ ನೋಡಿ

ಏರ್‌ಗನ್‌ಗೆ ಸ್ಕೋಪ್, ಅಂದರೆ ಗುರಿ ನೋಡುವ ದುರ್ಬೀನು, ಕೂರಿಸುವುದು ಅರ್ಧ ಗಂಟೆಯ ಕೆಲಸ. ಸರಿಯಾದ ಅಲೆನ್ ಕೀ (ಆರು ಮೂಲೆಯ ತೂತಿನ ಸ್ಕ್ರೂ ತಿರುಗಿಸುವ ಎಲ್ ಆಕಾರದ ಸಲಾಕೆ) ಇಲ್ಲದೆ ಕೂತರೆ ಮಾತ್ರ ಇಡೀ ಭಾನುವಾರ ಹೋಗುತ್ತದೆ. ಸೋಮವಾರ ತಲೆ ಸವೆದ ಸ್ಕ್ರೂ ಹಿಡಿದುಕೊಂಡು ಲೇಥ್ ಅಂಗಡಿ ಹುಡುಕಬೇಕಾಗುತ್ತದೆ. ಆಮೇಲೆ ಬೈಗುಳ ಮಾತ್ರ ಸ್ಕೋಪಿಗೆ!

ಇಲ್ಲಿ ಹೇಳುತ್ತಿರುವುದು ಗುರಿ ಅಭ್ಯಾಸದ, ನಳಿಕೆಯ ಒಳ ಅಳತೆ 0.177 ಇಂಚಿನ, ಅಂದರೆ 4.5 ಮಿ.ಮೀ. ಏರ್‌ಗನ್ ಬಗ್ಗೆ. ಆ ಅಳತೆ ಮೀರಿದರೆ ಅಥವಾ ಶಕ್ತಿ 20 ಜೂಲ್ ದಾಟಿದರೆ 2016ರ ಶಸ್ತ್ರಾಸ್ತ್ರ ನಿಯಮದಂತೆ ಲೈಸೆನ್ಸ್ ಬೇಕು. ಹಕ್ಕಿ ಹೊಡೆಯುವ ಯೋಚನೆ ಇದ್ದರೆ ಇಲ್ಲಿಗೇ ಬಿಟ್ಟುಬಿಡಿ, 1972ರ ವನ್ಯಜೀವಿ ಕಾಯ್ದೆ ಸುಮ್ನೆ ಇರುವುದಲ್ಲ. ಇನ್ನು ಮಕ್ಕಳನ್ನು 10 ಮೀಟರ್ ಸ್ಪರ್ಧೆಗೆ ತಯಾರು ಮಾಡುವವರಿಗೆ ಸ್ಕೋಪೇ ಬೇಡ. ಆ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದದ್ದು ಸ್ಕೋಪ್ ಇಲ್ಲದ ರೈಫಲ್‌ನಲ್ಲೇ.

ಮೊದಲು ಗನ್ ಒಳಗೆ ಛರ್ರಾ (ಸಣ್ಣ ಗುಂಡು) ಇಲ್ಲ, ಸ್ಪ್ರಿಂಗ್ ಎಳೆದಿಟ್ಟಿಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ನೆಲದ ಮೇಲೆ ಹಳೆಯ ಕೌದಿ ಹಾಸಿ. ಕಲಬುರಗಿಯ ಮನೆಗಳಲ್ಲಿ ಫರ್ಸಿ ನೆಲವೇ ಜಾಸ್ತಿ. ಕೈಜಾರಿದ ಸಣ್ಣ ಸ್ಕ್ರೂ ಶಹಾಬಾದ್ ಕಲ್ಲಿನ ಮೇಲೆ ಪುಟಿದು ಸಂದಿ ಸೇರಿತೆಂದರೆ ಹುಡುಕುತ್ತಲೇ ಕೂರಬೇಕು. ಗನ್ ಅಲುಗದ ಹಾಗೆ ಕೂರಿಸಲು ಹಳೆಯ ಪ್ಯಾಂಟಿನ ಕಾಲು ಕತ್ತರಿಸಿ, ಜೋಳ ತುಂಬಿ, ಎರಡೂ ತುದಿ ಕಟ್ಟಿ. ಅಂಥ ಎರಡು ಚೀಲ ಸಾಕು.

ಆಮೇಲೆ ಮೌಂಟ್, ಅಂದರೆ ಸ್ಕೋಪನ್ನು ಗನ್‌ಗೆ ಹಿಡಿದಿಡುವ ಹಿಡಿಕೆ, ಹೊಂದುತ್ತದೆಯೇ ನೋಡಿ. ಹೆಚ್ಚಿನ ಏರ್‌ಗನ್‌ಗಳ ಮೇಲಿರುವುದು 11 ಮಿ.ಮೀ. ಡವ್‌ಟೇಲ್ ಗಾಡಿ, ಅಂದರೆ ಮೌಂಟ್ ಕಚ್ಚಿಕೊಳ್ಳಲು ಉದ್ದಕ್ಕೆ ಕೊರೆದ ಜಾಡು. ಸುಮಾರು 21 ಮಿ.ಮೀ. ಅಗಲದ ಪಿಕಾಟಿನಿ ಎಂಬ ಇನ್ನೊಂದು ಬಗೆಯ ರೈಲಿಗೆ ಮಾಡಿದ ಮೌಂಟ್ ಅದನ್ನು ಕಚ್ಚುವುದಿಲ್ಲ, ಎಷ್ಟು ಬಿಗಿದರೂ ಅಷ್ಟೇ. ಸ್ಕೋಪಿನ ಕೊಳವೆಯಲ್ಲೂ ಎರಡು ಅಳತೆ ಸಾಮಾನ್ಯ, 25.4 ಮತ್ತು 30 ಮಿ.ಮೀ. ಕೊಳವೆಯನ್ನು ಸುತ್ತ ಹಿಡಿಯುವ ರಿಂಗ್ ಕೊಳ್ಳುವಾಗ ಅದನ್ನೂ ನೋಡಿ.

ಈಗ ಅಸಲಿ ತಲೆನೋವು, ಕೀ. ಕೆಲವು ಮೌಂಟ್‌ಗಳ ಸ್ಕ್ರೂ ಮಿಲಿಮೀಟರ್ ಲೆಕ್ಕದವು, ಕೆಲವು ಇಂಚಿನ ಲೆಕ್ಕದವು. 3/32 ಇಂಚಿನ ಕೀ ಅಂದರೆ 2.38 ಮಿ.ಮೀ. ಅದು 2.5 ಮಿ.ಮೀ. ಸ್ಕ್ರೂ ಒಳಗೆ ಆರಾಮಾಗಿ ಹೋಗುತ್ತದೆ, ತಿರುಗಿಸಲು ಹೋದರೆ ಮೂಲೆ ಸವೆಸುತ್ತದೆ. ಕೂದಲೆಳೆಯ ವ್ಯತ್ಯಾಸ, ಆದರೆ ಒಮ್ಮೆ ಮೂಲೆ ಹೋಯಿತೆಂದರೆ ಸ್ಕ್ರೂ ಹೋದಂತೆಯೇ. ಕೀ ಹಾಕಿದ ಮೇಲೆ ಬೆರಳಿನಿಂದ ಆಚೀಚೆ ಅಲ್ಲಾಡಿಸಿ. ಟಕ್ ಟಕ್ ಎಂದರೆ ಅದು ಬೇಡ. ಹಾರ್ಡ್‌ವೇರ್ ಅಂಗಡಿಯಲ್ಲಿ ‘ಅಲೆನ್ ಕೀ ಸೆಟ್’ ಎಂದಷ್ಟೇ ಕೇಳಿದರೆ ಸಾಮಾನ್ಯವಾಗಿ ಮಿಲಿಮೀಟರ್ ಸೆಟ್ ಕೈಗೆ ಬರುತ್ತದೆ. ಅದಕ್ಕೇ ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆ ಕಡೆ ಹೋಗುವಾಗ ಸ್ಕ್ರೂವನ್ನೇ ಜೇಬಿನಲ್ಲಿ ಒಯ್ಯಿರಿ.

ಸ್ಕ್ರೂ ತಲೆಯಲ್ಲಿ ನಕ್ಷತ್ರದ ಗುರುತಿದ್ದರೆ ಬೇಕಾದದ್ದು ಸ್ಟಾರ್ ಬಿಟ್. ಸ್ಕೋಪ್ ರಿಂಗುಗಳಲ್ಲಿ ಟಿ15 ಅಳತೆಯದು ಹೆಚ್ಚು. ಅಲೆನ್ ಕೀ ಅದರೊಳಗೆ ಕೂತಂತೆ ಅನ್ನಿಸುತ್ತದೆ, ನಂಬಬೇಡಿ. ಮೊಬೈಲ್ ರಿಪೇರಿಯ ಬಿಟ್ಟುಗಳು ಇದಕ್ಕೆ ತೀರಾ ಸಣ್ಣವು.

ಬಿಗಿಯುವ ಮೊದಲು ಗಾಡಿಯನ್ನೂ ಮೌಂಟಿನ ಹಲ್ಲನ್ನೂ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಸ್ಕೋಪ್ ಹಿಂದಕ್ಕೆ ಜಾರುವುದಕ್ಕೆ ಅರ್ಧ ಕಾರಣ ಅಲ್ಲಿರುವ ಎಣ್ಣೆ. ಉಳಿದರ್ಧ ಗನ್‌ನದೇ ಸ್ವಭಾವ. ಸ್ಪ್ರಿಂಗ್ ಗನ್ ಹಿಂದಕ್ಕೂ ಒದೆಯುತ್ತದೆ, ಮರುಕ್ಷಣ ಮುಂದಕ್ಕೂ ಒದೆಯುತ್ತದೆ. ಅದಕ್ಕೇ ‘ಏರ್ ರೈಫಲ್‌ಗೆ’ ಎಂದು ಬರೆದ ಸ್ಕೋಪನ್ನೇ ಕೊಳ್ಳಿ, ಬೇರೆಯವು ಒಳಗೇ ಸಡಿಲಾಗುತ್ತವೆ. ಗಾಡಿಯ ಮೇಲೆ ಸಣ್ಣ ತೂತಿದ್ದರೆ ಅದರೊಳಗೆ ಮೊಳೆ ಇಳಿಯುವಂಥ ಮೌಂಟ್ ಸಿಗುತ್ತದೆ, ನಾಲ್ಕು ಕಾಸು ಜಾಸ್ತಿಯಾದರೂ ಅದೇ ವಾಸಿ. ಫೆವಿಕ್ವಿಕ್ ಹಾಕುವ ಚಪಲ ಬೇಡ. ಅದರ ಹಬೆಗೆ ಗಾಜಿನ ಮೇಲೆ ಬಿಳಿ ಪೊರೆ ಕೂರುತ್ತದೆ.

ಕಣ್ಣಿಗೂ ಸ್ಕೋಪಿಗೂ ಸುಮಾರು 8ರಿಂದ 10 ಸೆಂ.ಮೀ. ಅಂತರ ಇರಲಿ. ಚಿತ್ರ ಪೂರ್ತಿ ಕಾಣುವ ಜಾಗವೇ ಸರಿಯಾದ ಜಾಗ. ಅಡ್ಡಗೆರೆ ನೇರ ಮಾಡಲು ಗೌಂಡಿಯ ತೂಗುಗುಂಡು ಸಾಕು. ಎದುರು ಗೋಡೆಗೆ ತೂಗುಬಿಟ್ಟು, ಗನ್ ಸಮತಟ್ಟಾಗಿ ಕೂತಿದೆಯೇ ಎಂದು ಸಣ್ಣ ಸ್ಪಿರಿಟ್ ಲೆವೆಲ್‌ನಲ್ಲಿ ನೋಡಿಕೊಂಡು, ಸ್ಕೋಪಿನ ನಿಂತ ಗೆರೆಯನ್ನು ದಾರದ ಜೊತೆ ಹೊಂದಿಸಿ. ಈಗ ಬಿಗಿಯಿರಿ, ಆದರೆ ಒಂದೇ ಬದಿ ಪೂರ್ತಿ ಬೇಡ. ಹಾಗೆ ಮಾಡಿದರೆ ಕೊಳವೆ ಆ ಕಡೆ ತಿರುಗಿಬಿಡುತ್ತದೆ. ಎಡಕ್ಕೆ ಕಾಲು ಸುತ್ತು, ಬಲಕ್ಕೆ ಕಾಲು ಸುತ್ತು. ರಿಂಗಿನ ಎರಡೂ ಕಡೆಯ ಸಂದಿಯಲ್ಲಿ ಕಾಗದದ ತುಂಡು ಒಂದೇ ಸಮ ಓಡಾಡುವಂತಿರಲಿ.

ಎಷ್ಟು ಬಿಗಿ? ರಿಂಗಿನ ಸ್ಕ್ರೂಗೆ 2 ನ್ಯೂಟನ್ ಮೀಟರ್ ಆಸುಪಾಸು ಸಾಕು. ಗ್ಯಾರೇಜಿನ ದೊಡ್ಡ ಟಾರ್ಕ್ ಪಾನಾ ಇಷ್ಟು ಕಡಿಮೆಗೆ ಇಳಿಯುವುದೇ ಇಲ್ಲ, ಸಾಲ ತಂದು ಪ್ರಯೋಜನವಿಲ್ಲ. ಅಲೆನ್ ಕೀಯ ಉದ್ದ ಕಾಲನ್ನು ಸ್ಕ್ರೂ ಒಳಗಿಟ್ಟು, ಗಿಡ್ಡ ಕಾಲನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ. ಬೆರಳು ಸೋತಲ್ಲಿ ನಿಲ್ಲಿಸಿ. ಅದನ್ನೂ ಮೀರಿ ಒತ್ತಿದರೆ ಕೊಳವೆ ನಜ್ಜುಗುಜ್ಜಾಗುತ್ತದೆ.

ಗುರಿ ಹೊಂದಿಸುವಾಗ ಒಂದು ಲೆಕ್ಕ ನೆನಪಿರಲಿ. ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಸ್ಕೋಪಿನ ಗುಂಡಿಯ ಒಂದು ಕ್ಲಿಕ್ 10 ಮೀಟರ್‌ನಲ್ಲಿ ಛರ್ರಾವನ್ನು ಸುಮಾರು 0.7 ಮಿ.ಮೀ. ಮಾತ್ರ ಸರಿಸುತ್ತದೆ. ಒಂದು ಸೆಂ.ಮೀ. ಸರಿಸಲು ಹದಿನಾಲ್ಕು ಕ್ಲಿಕ್ ಬೇಕು. ‘ನಾಲ್ಕು ಕ್ಲಿಕ್ ತಿರುಗಿಸಿದೆ, ಏನೂ ಆಗಲಿಲ್ಲ, ಸ್ಕೋಪ್ ಡೂಪ್ಲಿಕೇಟ್’ ಎಂದು ಅಂಗಡಿಯವರ ಜೊತೆ ಜಗಳ ಬೇಡ, ಅಲ್ವಾ?

ತಿರುಗಿಸಿ ತಿರುಗಿಸಿ ಗುಂಡಿ ಕೊನೆ ಮುಟ್ಟಿದರೂ ಛರ್ರಾ ಕೆಳಗೇ ಬೀಳುತ್ತಿದ್ದರೆ ನಳಿಕೆ ತುಸು ಬಾಗಿದೆ ಎಂದರ್ಥ. ನಳಿಕೆ ಮಡಚುವ ಗನ್‌ಗಳಲ್ಲಿ ಇದು ಮಾಮೂಲು. ಆಗ ತಂಪು ಪಾನೀಯದ ಡಬ್ಬಿಯ ತಗಡು ಕತ್ತರಿಸಿ, ಅಂಚು ಉಜ್ಜಿ, ಹಿಂದಿನ ರಿಂಗಿನಲ್ಲಿ ಸ್ಕೋಪಿನ ಕೆಳಗೆ ಇಡಿ. ಎರಡು ರಿಂಗುಗಳ ನಡುವೆ 10 ಸೆಂ.ಮೀ. ಇದ್ದರೆ 0.1 ಮಿ.ಮೀ. ದಪ್ಪದ ತಗಡು 10 ಮೀಟರ್‌ನಲ್ಲಿ ಒಂದು ಸೆಂ.ಮೀ. ಮೇಲಕ್ಕೆ ಎತ್ತುತ್ತದೆ. ಎರಡು ಪದರ ಸಾಲದಿದ್ದರೆ ತಗಡು ಪೇರಿಸಬೇಡಿ, ಎತ್ತರ ಸರಿಪಡಿಸುವ ಮೌಂಟನ್ನೇ ತನ್ನಿ. ತರುವಾಗ ಅದರ ಕೀ ಡಬ್ಬಿಯಲ್ಲೇ ಇದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ.